ಕಡೆಗೆ ಉಣ್ಣುವವಳ ಪಾಲು



ನ್ಯಾಯ ಅನ್ಯಾಯಗಳ ಮಾತು ಬಂದಾಗ ನಮ್ಮ ಮನಸ್ಸು ಕೂಡಲೆ ಕೋರ್ಟಿನ ಕಡೆಗೂ ಸಂತೆಯ ತಕ್ಕಡಿಯ ಕಡೆಗೂ ಹೊಲದ ಬದುವಿನ ಕಡೆಗೂ ಓಡುತ್ತದೆ. ತೂಕದಲ್ಲಿ ಮೋಸ ಮಾಡಬಾರದು, ನೆರೆಯವನ ಬದುವನ್ನು ಒತ್ತಬಾರದು, ಕೂಲಿಯಾಳಿನ ಕೂಲಿಯನ್ನು ಹಿಡಿದಿಡಬಾರದು ಎಂಬದನ್ನು ನಮ್ಮಲ್ಲಿ ಚಿಕ್ಕ ಮಕ್ಕಳೂ ಬಲ್ಲರು. ಆದರೆ ನಮ್ಮ ಒಂದೊಂದು ಮನೆಯಲ್ಲಿಯೂ ಒಲೆಯ ಮುಂದೆ ಪ್ರತಿದಿನ ಒಂದು ಹಂಚಿಕೆ ನಡೆಯುತ್ತದೆ. ಅಲ್ಲಿಯೂ ನ್ಯಾಯವೆಂಬದೊಂದು ಉಂಟೋ ಎಂದು ನಾವು ವಿಚಾರಿಸುವದು ಅಪರೂಪ. ಊಟವು ಹೊಟ್ಟೆಯ ಸಂಗತಿ, ಮನಸ್ಸಾಕ್ಷಿಯ ಸಂಗತಿಯಲ್ಲ ಎಂದು ನಾವು ತಿಳುಕೊಂಡಿದ್ದೇವೆ.

ಈ ತಿಂಗಳು ನಾವು ವಿಚಾರಿಸಬೇಕೆಂದಿರುವ ಪ್ರಶ್ನೆ ಇದು: ಗಂಡಸರೂ ಮಕ್ಕಳೂ ಉಂಡೆದ್ದ ಮೇಲೆ ಗಡಿಗೆಯಲ್ಲಿ ಉಳಿದದ್ದನ್ನು ಉಣ್ಣುವ ತಾಯಿಯ ನಡತೆಯನ್ನು ನಾವೆಲ್ಲರೂ ಸದ್ಗುಣವೆಂದು ಹೊಗಳುತ್ತೇವೆ. ಅದು ನಿಜವಾಗಿ ಸದ್ಗುಣವೋ? ಅಥವಾ ಉಳಿದವರು ಆಕೆಗೆ ಮಾಡುವ ಅನ್ಯಾಯಕ್ಕೆ ನಾವು ಇಟ್ಟಿರುವ ಒಳ್ಳೇ ಹೆಸರೋ?

ಇದಕ್ಕೆ ಉತ್ತರ ಹೇಳುವದಕ್ಕೆ ಮುಂಚೆ ಶರೀರಕ್ಕೆ ಆಹಾರವು ಏನು ಮಾಡುತ್ತದೆಂಬದನ್ನು ಸ್ವಲ್ಪ ತಿಳಿಯಬೇಕು. ಯಾಕಂದರೆ ಹೊಟ್ಟೆ ತುಂಬುವದು ಬೇರೆ, ಶರೀರವು ಪೋಷಣೆ ಹೊಂದುವದು ಬೇರೆ. ಒಲೆಗೆ ಸೌದೆ ಹೇಗೋ ಹಾಗೆಯೇ ಶರೀರಕ್ಕೆ ಪಿಷ್ಟವೂ ಜಿಡ್ಡೂ ಇರುತ್ತವೆ. ರಾಗಿ, ಅಕ್ಕಿ, ಜೋಳ, ಗೆಣಸುಗಳಲ್ಲಿ ಪಿಷ್ಟವಿದೆ. ಎಣ್ಣೆ, ತುಪ್ಪ, ಕಡಲೆಕಾಯಿ, ಹುಚ್ಚೆಳ್ಳುಗಳಲ್ಲಿ ಜಿಡ್ಡಿದೆ. ಇವು ದುಡಿಯುವದಕ್ಕೆ ಶಕ್ತಿಯನ್ನು ಕೊಡುತ್ತವೆ. ಆದರೆ ಸೌದೆಯನ್ನು ಉರಿಸಿ ಗೋಡೆಯನ್ನು ಕಟ್ಟಲಾದೀತೇ? ಮಾಂಸಖಂಡ, ಚರ್ಮ, ರಕ್ತ ಇವುಗಳನ್ನು ಕಟ್ಟುವದಕ್ಕೂ ಸವೆದದ್ದನ್ನು ತುಂಬುವದಕ್ಕೂ ಸಸಾರಜನಕವೆಂಬ ಪದಾರ್ಥವು ಬೇಕು. ಇದನ್ನೇ ಈಗಿನವರು ಪ್ರೋಟೀನು ಅನ್ನುತ್ತಾರೆ. ಅದು ಬೇಳೆಕಾಳು, ಹಾಲು, ಮೊಟ್ಟೆ, ಮೀನು, ಬಾಡುಗಳಲ್ಲಿ ಹೆಚ್ಚಾಗಿದೆ. ಇನ್ನು ಎಲುಬಿಗೆ ಸುಣ್ಣದ ಅಂಶ, ರಕ್ತಕ್ಕೆ ಕಬ್ಬಿಣದ ಅಂಶ, ಗಳಗಂಡ ರೋಗ ಬಾರದಂತೆ ಉಪ್ಪಿನಲ್ಲಿ ಅಯೋಡಿನ್ ಹೀಗೆ ಖನಿಜಗಳು ಬೇಕು. ಕಡೆಯದಾಗಿ, ಬಹು ಸ್ವಲ್ಪ ಪ್ರಮಾಣದಲ್ಲಿದ್ದರೂ ಇಲ್ಲದೆ ಹೋದರೆ ರೋಗವನ್ನು ತರುವ ಜೀವಸತ್ವಗಳು ಬೇಕು. ಎ ಜೀವಸತ್ವವಿಲ್ಲದೆ ಇರುಳುಗುರುಡು ಬರುತ್ತದೆ. ಸಿ ಜೀವಸತ್ವವಿಲ್ಲದೆ ಒಸಡಿನಿಂದ ರಕ್ತ ಸುರಿಯುತ್ತದೆ. ಇವೆಲ್ಲವನ್ನೂ ಅಂಗಾಂಗಗಳಿಗೆ ಒಯ್ಯುವದಕ್ಕೆ ನೀರು ಬೇಕು.

ಹೊಟ್ಟೆ ತುಂಬಿದ ಪ್ರಾಣಿಯೂ ಆಹಾರದ ಕೊರತೆಯಿಂದ ಸಾಯಬಹುದೆಂಬದನ್ನು ಲೋಕವು ಕಲಿತದ್ದು ಕೋಳಿಗಳಿಂದ. ಐಕ್ಮನ್ ಎಂಬ ಡಚ್ ವೈದ್ಯರು ೧೮೯೦ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದಾಗ, ಬಿಳುಪಾಗಿ ಪಾಲಿಶ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳು ಕಾಲು ಸೋತು ಬಿದ್ದದ್ದನ್ನೂ, ತವುಡಿರುವ ಅಕ್ಕಿಯನ್ನು ಕೊಟ್ಟ ಮೇಲೆ ಅವು ಎದ್ದು ನಡೆದದ್ದನ್ನೂ ಕಂಡರು. ಆ ತವುಡಿನಲ್ಲಿದ್ದದ್ದು ಬಿ ಗುಂಪಿನ ಒಂದು ಜೀವಸತ್ವವೆಂದು ಆಮೇಲೆ ತಿಳಿದುಬಂತು. ೧೯೨೯ರಲ್ಲಿ ಐಕ್ಮನ್ನರಿಗೆ ನೊಬೆಲ್ ಬಹುಮಾನವು ದೊರೆಯಿತು. ನಮ್ಮ ಸೀಮೆಗೆ ಸಮೀಪವಾದ ನೀಲಗಿರಿಯ ಕೂನೂರಿನಲ್ಲಿಯೂ ಮೆಕ್ಯಾರಿಸನ್ ಎಂಬ ವೈದ್ಯರು ೧೯೧೮ರಲ್ಲಿ ಇಂಥ ರೋಗಗಳ ವಿಚಾರಣೆಯನ್ನು ಆರಂಭಿಸಿದರು. ಅದೇ ಮುಂದೆ ಬೆಳೆದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು.

ಇದನ್ನು ಓದಿ, ಒಳ್ಳೇ ಆಹಾರವೆಂದರೆ ಐಶ್ವರ್ಯವಂತರ ಆಹಾರವೆಂದು ಯಾರೂ ತಿಳಿಯಬಾರದು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಬಿಳೀ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಮೀರದು. ಹೀಗಿದ್ದರೂ ನಮ್ಮಲ್ಲಿ ಕೆಲವರು ನಾಲ್ಕು ಕಾಸು ಕಂಡ ಕೂಡಲೆ ಮುದ್ದೆಯನ್ನು ಬಿಟ್ಟು ಅನ್ನಕ್ಕೆ ತಿರುಗುತ್ತಾರೆ. ನೆಂಟರು ಬಂದಾಗ ರಾಗಿಯ ಗಡಿಗೆಯನ್ನು ಮರೆಮಾಡುತ್ತಾರೆ. ಧಾನ್ಯಕ್ಕೂ ಜಾತಿಯನ್ನು ಹಚ್ಚುವ ಈ ಚಾಳಿಯು ಹಳೆಯದು. ಕನಕದಾಸರು ತಮ್ಮ ರಾಮಧಾನ್ಯ ಚರಿತೆಯಲ್ಲಿ ನೆಲ್ಲಿಗೂ ರಾಗಿಗೂ ವ್ಯಾಜ್ಯವನ್ನು ಹೂಡಿ ರಾಗಿಯನ್ನೇ ಗೆಲ್ಲಿಸಿದ್ದು ಸುಮ್ಮನೆ ಅಲ್ಲ. ರಾಗಿ ಲಕ್ಷ್ಮಣಯ್ಯನವರೆಂದು ಹೆಸರಾದವರು ಮಂಡ್ಯದ ವಿ. ಸಿ. ಫಾರಂನಲ್ಲಿ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಹುಟ್ಟಿಸಿದರು. ಅದರಿಂದ ಬಡವನ ಹೊಲದ ಫಲವು ಹೆಚ್ಚಿತು. ಇಂಥ ಧಾನ್ಯಕ್ಕೆ ಹುರುಳಿಯೋ ಅವರೆಯೋ ಬೆಂದ ಸಾರೂ, ನುಗ್ಗೆಸೊಪ್ಪೋ ದಂಟಿನಸೊಪ್ಪೋ ಕೂಡಿದರೆ, ಮೇಲೆ ಒಂದು ಲೋಟ ಹಾಲೋ ಒಂದು ಮೊಟ್ಟೆಯೋ ಇದ್ದರೆ, ಆ ಊಟವು ಅರಮನೆಯವರೂ ಹಗುರವೆಂದು ಹೇಳತಕ್ಕದ್ದಲ್ಲ.

ಆದರೆ ಪ್ರಶ್ನೆ ಏನಂದರೆ, ಇಷ್ಟೂ ಅಡಿಗೆಯಲ್ಲಿ ಕಡೆಗೆ ಉಣ್ಣುವವಳಿಗೆ ಉಳಿಯುವದು ಏನು? ಮುದ್ದೆ ಉಳಿಯಬಹುದು; ಅದನ್ನು ಹೆಚ್ಚಾಗಿಯೇ ತೊಳಸಿರುತ್ತಾರೆ. ಸಾರೂ ಉಳಿಯಬಹುದು. ಆದರೆ ಸೌಟು ಮೊದಲು ತಳಕ್ಕೆ ಇಳಿದು ಕಾಳನ್ನೆಲ್ಲಾ ಗಂಡನ ತಟ್ಟೆಗೂ ಗಂಡುಮಕ್ಕಳ ತಟ್ಟೆಗೂ ಹಾಕಿರುತ್ತದೆ; ಮೊಟ್ಟೆಯು ಮಗನಿಗೆ ಹೋಗಿರುತ್ತದೆ; ಬಾಡಿನ ದಿನ ಆಕೆಗೆ ಮೂಳೆಯೂ ತಿಳಿಯೂ ದೊರೆಯುತ್ತವೆ. ಹೀಗೆ ಸೌದೆಯು ಆಕೆಗೆ ಸಿಕ್ಕುತ್ತದೆ, ಗೋಡೆ ಕಟ್ಟುವ ಮಣ್ಣು ಸಿಕ್ಕುವದಿಲ್ಲ. ಹೊಟ್ಟೆ ತುಂಬಿತೆಂದು ಆಕೆಯೇ ಹೇಳುತ್ತಾಳೆ. ಆ ಮಾತು ಸುಳ್ಳಲ್ಲ. ಆದದರಿಂದಲೇ ಈ ಕೊರತೆಯು ಯಾರ ಕಣ್ಣಿಗೂ ಬೀಳದು.

ಗಂಡಸು ನೇಗಿಲು ಹಿಡಿಯುತ್ತಾನೆ, ಅವನಿಗೆ ಹೆಚ್ಚು ಬೇಡವೇ ಎಂದು ಯಾರಾದರೂ ಕೇಳಬಹುದು. ಬೇಕು, ಹೊರೆ ಕೆಲಸ ಮಾಡುವವನಿಗೆ ಮುದ್ದೆಯು ಹೆಚ್ಚಾಗಿಯೇ ಬೇಕು. ಆದರೆ ಕಬ್ಬಿಣದ ಅಂಶದಲ್ಲಿ ಲೆಕ್ಕವು ತಿರುಗುಮುರುಗು ಆಗಿದೆ. ಹೈದರಾಬಾದಿನ ಆ ಸಂಸ್ಥೆಯವರು ೨೦೨೦ರಲ್ಲಿ ಹೊರಡಿಸಿದ ಪಟ್ಟಿಯ ಪ್ರಕಾರ ಪ್ರಾಯದ ಗಂಡಸಿಗೆ ದಿನಕ್ಕೆ ೧೯ ಮಿಲಿಗ್ರಾಂ ಸಾಕು. ಪ್ರಾಯದ ಹೆಂಗಸಿಗೆ ೨೯ ಮಿಲಿಗ್ರಾಂ ಬೇಕು. ತಿಂಗಳು ತಿಂಗಳು ಆಕೆಯ ಶರೀರದಿಂದ ರಕ್ತವು ಹೋಗುತ್ತದಲ್ಲವೇ? ಹೆಚ್ಚು ಬೇಕಾದವಳಿಗೆ ಕಡಿಮೆ ಕೊಟ್ಟರೆ ಆಗುವದೇನೆಂಬದನ್ನು ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ತೋರಿಸಿತು: ಈ ದೇಶದಲ್ಲಿ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ ಇತ್ತು, ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ ೨೫ ಮಂದಿಗೆ. ನಮ್ಮ ಕರ್ನಾಟಕದ ಸ್ತ್ರೀಯರಲ್ಲಿಯೂ ನೂರಕ್ಕೆ ಸುಮಾರು ೪೮ ಮಂದಿಗೆ ಅದಿತ್ತು. ಇದಕ್ಕೆ ಊಟದ ಹಂಚಿಕೆಯೊಂದೇ ಕಾರಣವಲ್ಲ. ಮೇಲಿಂದ ಮೇಲೆ ಹೆರುವದೂ ಕೊಕ್ಕೆಹುಳವೂ ಕಾರಣಗಳೇ. ಆದಾಗ್ಯೂ ತಟ್ಟೆಯಲ್ಲಿ ಬೀಳುವದು ಮೊದಲಿನ ಕಾರಣಗಳಲ್ಲಿ ಒಂದು.

ತಾಯಿಯ ಕೊರತೆಯು ತಾಯಿಯಲ್ಲಿಯೇ ನಿಲ್ಲುತ್ತದೋ? ನಿಲ್ಲದೆಂಬದಕ್ಕೆ ಮೈಸೂರು ಪಟ್ಟಣದಲ್ಲಿಯೇ ಒಂದು ಗಟ್ಟಿಯಾದ ಸಾಕ್ಷಿಯುಂಟು. ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ನಮ್ಮಲ್ಲಿ ಅನೇಕರು ಮಿಷನ್ ಆಸ್ಪತ್ರೆಯೆಂದೇ ಬಲ್ಲರು. ವೆಸ್ಲಿಯನ್ ಮಿಷನ್ನಿನವರು ಅದನ್ನು ೧೯೦೬ರಲ್ಲಿ ತೆರೆದರು. ೧೯೩೪ರಿಂದ ಅಲ್ಲಿ ಹುಟ್ಟಿದ ಒಂದೊಂದು ಕೂಸನ್ನೂ ತೂಗಿ, ಅದರ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಅಳೆದು, ತಾಯಿಯ ತೂಕವನ್ನೂ ಸೇರಿಸಿ ರಿಜಿಸ್ಟರಿನಲ್ಲಿ ಬರೆದಿಟ್ಟರು. ಬರೆದವರಿಗೆ ಅದು ದಿನದ ಕೆಲಸವಷ್ಟೇ. ಅರುವತ್ತು ವರುಷಗಳ ಮೇಲೆ ಅದನ್ನು ಯಾರಾದರೂ ಓದುವರೆಂದು ಅವರು ನೆನಸಿರಲಿಕ್ಕಿಲ್ಲ.

ಆದರೆ ಓದುವವರು ಬಂದರು. ಇಂಗ್ಲೆಂಡಿನ ಸೌತಾಂಪ್ಟನ್ ಪಟ್ಟಣದ ವೈದ್ಯರೂ ನಮ್ಮ ಆಸ್ಪತ್ರೆಯವರೂ ಕೂಡಿ, ೧೯೩೪ರಿಂದ ೧೯೫೪ರ ವರೆಗೆ ಅಲ್ಲಿ ಹುಟ್ಟಿದವರಲ್ಲಿ ೫೧೭ ಮಂದಿ ಗಂಡಸರನ್ನೂ ಹೆಂಗಸರನ್ನೂ ಹುಡುಕಿ ಪರೀಕ್ಷಿಸಿದರು. ೧೯೯೬ರಲ್ಲಿ ಅದರ ಫಲವು ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಇಲ್ಲವೆ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು. ಮೂರು ಕಿಲೋಗ್ರಾಂ ದಾಟಿ ಚೆನ್ನಾಗಿ ಬೆಳೆದು ಹುಟ್ಟಿದವರಲ್ಲಿ ನೂರಕ್ಕೆ ೩ ಮಂದಿಗೆ ಮಾತ್ರ. ಕೂಸೂ ಚಿಕ್ಕದಾಗಿದ್ದು, ತಾಯಿಯೂ ಬಸುರಿನಲ್ಲಿ ೪೫ ಕಿಲೋಗ್ರಾಮಿಗಿಂತ ಕಡಿಮೆ ತೂಗಿದ್ದಲ್ಲಿ ಆ ರೋಗವು ನೂರಕ್ಕೆ ೨೦ ಮಂದಿಯಲ್ಲಿ ಕಂಡುಬಂತು. ವಾಚಕರೇ, ಇದನ್ನು ಇನ್ನೊಮ್ಮೆ ಓದಿರಿ. ಒಬ್ಬ ಬಸುರಿ ಹೆಂಗಸಿನ ಮೈಯಲ್ಲಿದ್ದ ಕೊರತೆಯು, ಆಕೆಯ ಮಗನಿಗೆ ನರೆ ಬಂದ ಕಾಲದಲ್ಲಿ ಅವನ ಎದೆಯ ನೋವಿನೊಂದಿಗೆ ಕೂಡಿ ಕಾಣಿಸಿತು. ತಂಬಾಕು, ಕೊಬ್ಬು, ಚಿಂತೆ ಮೊದಲಾದ ಬೇರೆ ಕಾರಣಗಳೂ ಹೃದಯವನ್ನು ಕೆಡಿಸುತ್ತವೆ. ಎಲ್ಲವನ್ನೂ ತಾಯಿಯ ಊಟದ ಮೇಲೆ ಹಾಕಲಾಗದು. ಆದರೂ ಗರ್ಭದಲ್ಲಿ ಆಗುವ ಕೊರತೆಗೂ ಮುಂದಿನ ರೋಗಕ್ಕೂ ಸಂಬಂಧವುಂಟೆಂಬದು ಹೀಗೆ ನಮ್ಮ ಊರಿನ ಲೆಕ್ಕದಲ್ಲಿಯೇ ಕಂಡಿತು.

ಅದೇ ಆಸ್ಪತ್ರೆಯಲ್ಲಿ ೧೯೯೭-೯೮ರಲ್ಲಿ ಬಸುರಿ ಸ್ತ್ರೀಯರ ರಕ್ತವನ್ನೂ ಪರೀಕ್ಷಿಸಿದರು. ನೂರಕ್ಕೆ ೪೩ ಮಂದಿಯಲ್ಲಿ ಬಿ-೧೨ ಎಂಬ ಜೀವಸತ್ವವು ಕಡಿಮೆಯಾಗಿತ್ತು. ಇದು ಸೊಪ್ಪಿನಲ್ಲಿಯೂ ಕಾಳಿನಲ್ಲಿಯೂ ದೊರೆಯದು. ಹಾಲು, ಮೊಟ್ಟೆ, ಮೀನು, ಬಾಡುಗಳಲ್ಲಿ ಮಾತ್ರ ದೊರೆಯುತ್ತದೆ. ನಮ್ಮ ಅಡಿಗೆ ಮನೆಗಳಲ್ಲಿ ಸೌಟು ಆಕೆಯ ತಟ್ಟೆಗೆ ಬರುವ ಮೊದಲೇ ಮುಗಿದು ಹೋಗುವ ಪದಾರ್ಥಗಳು ಇವೇ ಅಲ್ಲವೇ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಾವು ಹಳ್ಳಿಗಳಲ್ಲಿ ಈ ಮಾತನ್ನೆತ್ತಿದಾಗ ಸಾಧಾರಣವಾಗಿ ಮೂರು ಆಕ್ಷೇಪಣೆಗಳನ್ನು ಕೇಳಿದ್ದೇವೆ.

ಮೊದಲನೆಯದು: ಅದು ಆಕೆಯ ಪ್ರೀತಿ, ನಾವು ಯಾರೂ ಬಲಾತ್ಕಾರ ಮಾಡಲಿಲ್ಲ ಎಂಬದು. ಪ್ರೀತಿಯೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ತನ್ನ ಪಾಲನ್ನು ಹಸಿದ ಮಗುವಿಗೆ ಕೊಡುವ ತಾಯಿಯ ಮುಂದೆ ನಮ್ಮ ಬೋಧನೆಗಳೆಲ್ಲಾ ಚಿಕ್ಕವು. ಆದರೆ ದಾನಕ್ಕೂ ಕಂದಾಯಕ್ಕೂ ಒಂದು ಭೇದವುಂಟು. ತೆಗೆದುಕೊಳ್ಳುವ ಹಕ್ಕಿದ್ದವರು ಬಿಟ್ಟುಕೊಟ್ಟರೆ ಅದು ದಾನ. ಬಿಟ್ಟುಕೊಡದಿರುವ ಹಕ್ಕೇ ಇಲ್ಲದವರಿಂದ ಪ್ರತಿದಿನವೂ ಬರುವದು ಕಂದಾಯ. ಇವೆರಡರಲ್ಲಿ ನಮ್ಮ ಮನೆಯಲ್ಲಿ ನಡೆಯುವದು ಯಾವದೆಂದು ತಿಳಿಯುವದಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ಒಂದು ದಿನ ಸೊಸೆಯು ಎಲ್ಲರಿಗಿಂತ ಮೊದಲು ಕೂತು, ಕಾಳನ್ನೂ ಮೊಟ್ಟೆಯನ್ನೂ ಹಾಕಿಕೊಂಡು ಉಂಡಳೆನ್ನೋಣ. ಅತ್ತೆ ಏನನ್ನುವಳು? ಗಂಡನು ಏನನ್ನುವನು? ನೆರೆಮನೆಯವರು ಏನನ್ನುವರು? ಬಯ್ಗಳು ಬರುವದಾದರೆ, ಆಕೆಯು ನಿನ್ನೆ ಬಿಟ್ಟುಕೊಟ್ಟದ್ದು ದಾನವಾಗಿರಲಿಲ್ಲ. ಉಪವಾಸವನ್ನೂ ಹಾಗೆಯೇ ತೂಗಬೇಕು. ತಾನಾಗಿ ಗೊತ್ತುಮಾಡಿಕೊಂಡು ಒಂದು ಹೊತ್ತು ಊಟ ಬಿಡುವದು ವ್ರತ. ಒಬ್ಬಳ ಮೇಲೆ ಮಾತ್ರ ವರುಷವಿಡೀ ಬಿದ್ದಿರುವದು ವ್ರತವಲ್ಲ. ಇಷ್ಟರ ಮೇಲೆ, ತಾಯಿಯು ತನ್ನನ್ನು ಮಾತ್ರ ಕಡೆಗೆ ಇಟ್ಟುಕೊಳ್ಳುವದಿಲ್ಲ. ಮಗಳನ್ನೂ ತನ್ನ ಪಕ್ಕದಲ್ಲಿಯೇ ಕೂರಿಸಿಕೊಂಡು ಅದೇ ಪಾಠವನ್ನು ಕಲಿಸುತ್ತಾಳೆ. ಅಲ್ಲಿ ಆಕೆಯ ತ್ಯಾಗವು ಇನ್ನೊಬ್ಬಳ ಮೇಲಿನ ಅನ್ಯಾಯವಾಗುತ್ತದೆ.

ಈ ಸಂಗತಿಯು ಸಭೆಗೆ ಹೊಸದಲ್ಲ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಆದಿಸಭೆಯೊಳಗೆ ಎದ್ದ ಒಂದು ಗುಣುಗುಟ್ಟುವಿಕೆಯು ಅನ್ನದ ಹಂಚಿಕೆಯದೇ ಆಗಿತ್ತು. ದಿನದ ಊಟದಲ್ಲಿ ಒಂದು ಪಂಗಡದ ವಿಧವೆಯರಿಗೆ ಪಾಲು ಸರಿಯಾಗಿ ದೊರೆಯಲಿಲ್ಲ. ಅಪೊಸ್ತಲರು ಆ ಹೆಂಗಸರಿಗೆ ಸಹನೆಯನ್ನು ಬೋಧಿಸಿ ಕಳುಹಿಸಲಿಲ್ಲ. ಏಳು ಮಂದಿಯನ್ನು ನೇಮಿಸಿ ಹಂಚಿಕೆಯನ್ನೇ ಸರಿಪಡಿಸಿದರು.

ಎರಡನೆಯ ಆಕ್ಷೇಪಣೆ: ನಾವು ಬಡವರು, ಇರುವದೇ ಇಷ್ಟು, ಏನು ಮಾಡೋಣ ಎಂಬದು. ಬಡತನವು ಬಡವನ ಪಾಪವಲ್ಲ. ಕೂಲಿ ಸಾಲದವನಿಗೆ ಪೋಷಣೆಯ ಪಾಠವನ್ನು ಓದಿ ಹೇಳಿ ಕೈತೊಳೆದುಕೊಳ್ಳುವದು ಕ್ರೂರತನ. ಈ ಕರ್ತವ್ಯದಲ್ಲಿ ಸರಕಾರಕ್ಕೂ ವಿದ್ವಾಂಸರಿಗೂ ಪಾಲುಂಟು. ಮೈಸೂರಿನಲ್ಲಿ ರಾಜಕುಮಾರಿಗಾಗಿ ಕಟ್ಟಿಸಿದ ಚೆಲುವಾಂಬ ವಿಲಾಸವೆಂಬ ಅರಮನೆಯಲ್ಲಿ ೧೯೫೦ರ ಅಕ್ಟೋಬರ್ ತಿಂಗಳಲ್ಲಿ ಕೇಂದ್ರ ಆಹಾರ ಸಂಶೋಧನಾಲಯವು ಆರಂಭವಾಯಿತು. ಡಾಕ್ಟರ್ ಸುಬ್ರಹ್ಮಣ್ಯನ್ನರು ಅದರ ಮೊದಲನೆಯ ನಿರ್ದೇಶಕರು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಯ ಹಿಟ್ಟು ಕಾಲು ಪಾಲು ಕೂಡಿಸಿ, ಅದಕ್ಕೆ ಸುಣ್ಣದ ಅಂಶವನ್ನೂ ಜೀವಸತ್ವಗಳನ್ನೂ ಬೆರಸಿ, ಬಡವರಿಗೆ ಅಗ್ಗದ ಪುಷ್ಟಿಕರವಾದ ಹಿಟ್ಟನ್ನು ಅಲ್ಲಿ ಮಾಡಿದರು. ಎಮ್ಮೆಯ ಹಾಲಿನಿಂದ ಕೂಸುಗಳ ಆಹಾರವನ್ನು ಮಾಡುವ ಕ್ರಮವನ್ನೂ ಅಲ್ಲಿಯೇ ಕಂಡುಹಿಡಿದರು. ಇದೇ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ೧೯೭೫ರ ಅಕ್ಟೋಬರ್ ೨ರಂದು ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು ತೆರೆದವು. ೨೦೧೭ರಲ್ಲಿ ಸರಕಾರವು ಮಾತೃಪೂರ್ಣವೆಂಬ ಯೋಜನೆಯನ್ನು ಆರಂಭಿಸಿ, ಬಸುರಿಯರೂ ಬಾಣಂತಿಯರೂ ಅಂಗನವಾಡಿಗೆ ಬಂದು ಅಲ್ಲಿಯೇ ಕೂತು ಬಿಸಿಯೂಟ ಮಾಡಬೇಕೆಂದು ಗೊತ್ತುಮಾಡಿತು. ಅಲ್ಲಿಯೇ ಕೂತು ಎಂಬ ಮಾತನ್ನು ಗಮನಿಸಿರಿ. ಮನೆಗೆ ಕೊಟ್ಟು ಕಳುಹಿಸಿದ ದಿನಸಿಯು ಮನೆಯವರೆಲ್ಲರಿಗೂ ಹಂಚಿಹೋಗುತ್ತದೆ, ಆಕೆಗೆ ಸಲ್ಲುವದು ಸ್ವಲ್ಪವೇ. ಬಸುರಿಯು ತನ್ನ ಪಾಲನ್ನು ಉಣ್ಣುವದಕ್ಕೆ ತನ್ನ ಮನೆಯನ್ನೇ ಬಿಟ್ಟು ಬರಬೇಕಾಗಿರುವದು ನಮಗೆ ನಾಚಿಕೆಯಲ್ಲವೇ?

ಆದದರಿಂದ ಬಡತನವು ಗಡಿಗೆಯಲ್ಲಿ ಎಷ್ಟಿರಬೇಕೆಂಬದನ್ನು ಗೊತ್ತುಮಾಡಬಹುದು. ಅದನ್ನು ಹೇಗೆ ಹಂಚಬೇಕೆಂಬದನ್ನು ಗೊತ್ತುಮಾಡುವವರು ನಾವೇ. ಮನೆಯಲ್ಲಿ ಮೊಟ್ಟೆಯು ಒಂದೇ ಇದ್ದರೆ ಯಾರಿಗೆ ಕೊಡಬೇಕು? ಆರು ಮಂದಿಗೆ ಆರು ಚೂರು ಮಾಡುವದು ಸಮಪಾಲಾಗಬಹುದು, ನ್ಯಾಯವಾದ ಪಾಲಾಗಲಾರದು. ಯಜಮಾನನಿಗೆ ಕೊಡುವದು ಪದ್ಧತಿಯಾಗಬಹುದು, ಅದೂ ನ್ಯಾಯವಲ್ಲ. ಯಾರ ಶರೀರವು ಈಗ ಕಟ್ಟಲ್ಪಡುತ್ತಿದೆಯೋ, ಅಥವಾ ಇನ್ನೊಂದು ಶರೀರವನ್ನು ಕಟ್ಟುತ್ತಿದೆಯೋ, ಅವರದೇ ಮೊದಲನೆಯ ಪಾಲು. ಅಂದರೆ ಬಸುರಿ, ಬಾಣಂತಿ, ಮೊಲೆ ಬಿಟ್ಟ ಕೂಸು, ಬೆಳೆಯುವ ಹುಡುಗಿ ಹುಡುಗರು. ದೊಡ್ಡತನವನ್ನು ನೋಡದೆ ಕೊರತೆಯನ್ನು ನೋಡಿ ಬಡಿಸುವದೇ ನ್ಯಾಯವಾದ ಹಂಚಿಕೆ.

ಮೂರನೆಯ ಆಕ್ಷೇಪಣೆ: ಹಿರಿಯರ ಕಟ್ಟಳೆ ಹಾಗಿದೆ ಎಂಬದು. ಬಸುರಿಯು ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುವದೆಂದೂ, ಬಾಣಂತಿಗೆ ಸೊಪ್ಪು ಆಗದೆಂದೂ, ನೀರನ್ನು ಸಹ ಅಳೆದು ಕೊಡಬೇಕೆಂದೂ ಹೇಳುವ ಅಜ್ಜಿಯರು ಇನ್ನೂ ಇದ್ದಾರೆ. ಅವರು ಕೆಟ್ಟ ಮನಸ್ಸಿನಿಂದ ಹೇಳುವವರಲ್ಲ. ಆಸ್ಪತ್ರೆಯಿಲ್ಲದ ಕಾಲದಲ್ಲಿ ಹೆರಿಗೆಯಲ್ಲಿ ಸತ್ತವರನ್ನು ಕಣ್ಣಾರೆ ಕಂಡು ಹೆದರಿದವರು. ಆ ಭಯವನ್ನು ನಾವು ಗೌರವಿಸುತ್ತೇವೆ, ಅದರಿಂದ ಹುಟ್ಟಿದ ಕಟ್ಟಳೆಯನ್ನು ಮಾತ್ರ ಬಿಡಬೇಕು. ಯಾಕಂದರೆ ಬಸುರಿನಲ್ಲಿ ಊಟ ಕಡಿಮೆ ಮಾಡಿದರೆ ಕೂಸು ಬಲವಿಲ್ಲದೆ ಹುಟ್ಟುತ್ತದೆ. ಹೆರುವವಳಿಗೂ ರಕ್ತ ಹೋದಾಗ ತಡೆಯುವ ಶಕ್ತಿ ಇರದು. ಬಾಣಂತಿಗೆ ಹಾಲು ಬರಬೇಕಾದರೆ ನೀರೂ ಅನ್ನವೂ ಸಾಕಷ್ಟು ಬೇಕು. ತಿಳಿಯದ ಕಾಲದಲ್ಲಿ ಅದು ಅಜ್ಞಾನವಾಗಿತ್ತು; ತಿಳಿದ ಮೇಲೂ ಅದನ್ನೇ ನಡಿಸಿದರೆ ಹೊಣೆಯು ನಮ್ಮದು.

ಹಾಗಾದರೆ ಮಾಡತಕ್ಕದ್ದೇನು? ಬಹು ದೊಡ್ಡದೇನೂ ಅಲ್ಲ. ಮನೆಯವರೆಲ್ಲರೂ ಒಟ್ಟಿಗೆ ಕೂತು ಉಣ್ಣಲಿ; ಅದಾಗದಿದ್ದರೆ ಬಡಿಸುವದಕ್ಕೆ ಮುಂಚೆಯೇ ಬಡಿಸುವವಳ ಪಾಲನ್ನು ಕಾಳು ಸಮೇತ ತೆಗೆದಿಟ್ಟು ಮುಚ್ಚಲಿ. ಮೊಳಕೆ ಕಟ್ಟಿದ ಹುರುಳಿಯನ್ನೂ ಹಿತ್ತಲ ನುಗ್ಗೆಯನ್ನೂ ಬಡವರ ಆಹಾರವೆಂದು ಹೀನೈಸದಿರಲಿ. ಸೊಪ್ಪಿನ ಸಾರಿಗೆ ನಿಂಬೆಯ ಹುಳಿಯನ್ನು ಹಿಂಡಿದರೆ, ಇಲ್ಲವೆ ಊಟದೊಂದಿಗೆ ನೆಲ್ಲಿಕಾಯನ್ನೋ ಸೀಬೆಹಣ್ಣನ್ನೋ ತಿಂದರೆ ಕಬ್ಬಿಣದ ಅಂಶವು ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೆ ಕಾಫಿ ಟೀ ಕುಡಿದರೆ ಸರಿಯಾಗಿ ಹತ್ತದೆ ಹೋಗುತ್ತದೆ. ಅನ್ನ ಬಸಿದ ಗಂಜಿಯನ್ನು ಚೆಲ್ಲಬಾರದು. ಆಸ್ಪತ್ರೆಯವರು ಬಸುರಿಗೆ ಕೊಟ್ಟ ಕಬ್ಬಿಣದ ಗುಳಿಗೆಗಳು ಡಬ್ಬಿಯಲ್ಲಿ ಉಳಿಯದಂತೆ ಗಂಡನೇ ದಿನವೂ ಕೇಳಬೇಕು. ಹೆಂಡಕ್ಕೂ ಬೀಡಿಗೂ ಹೋಗುವ ಕಾಸಿನಲ್ಲಿ ವಾರಕ್ಕೆ ಎಷ್ಟು ಮೊಟ್ಟೆ ಬಂದೀತೆಂದು ಅವನು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಸದ್ಗುಣವೋ ಅನ್ಯಾಯವೋ ಎಂದು ನಾವು ಕೇಳಿದೆವು. ಕೊಡುವವಳಲ್ಲಿ ಅದು ಸದ್ಗುಣವಾಗಿರಬಹುದು. ಕೇಳದೆ ತೆಗೆದುಕೊಂಡು ಉಣ್ಣುವ ನಮ್ಮಲ್ಲಿ ಅದು ಅನ್ಯಾಯವೇ. ಇಂದು ರಾತ್ರಿ ಊಟದಿಂದ ಏಳುವ ಮೊದಲು ಪ್ರತಿಯೊಬ್ಬ ಗಂಡಸೂ ಎದ್ದು ಹೋಗಿ ಗಡಿಗೆಯೊಳಗೆ ನೋಡಲಿ. ಅಲ್ಲಿ ಉಳಿದಿರುವದು ತನ್ನ ತಟ್ಟೆಗೆ ಬಂದದ್ದೇ ಹೌದೋ ಎಂದು ತನ್ನ ಮನಸ್ಸಾಕ್ಷಿಯನ್ನು ಕೇಳಲಿ.